ಮಣಿಯ ಎಡ ಹಿಂಗಾಲಿನ ಎಂಟು ವಾರ

ಮಣಿ ಮತ್ತಿನಿಂದ ಏಳದೇ ಹೋಗಬಹುದಿತ್ತು. ಎದ್ದು ವಾಂತಿ ಮಾಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದಿತ್ತು. ಹೊಲಿಗೆಯನ್ನು ನೆಕ್ಕಿ ನೆಕ್ಕಿ ಬಿಚ್ಚಿಕೊಳ್ಳಬಹುದಿತ್ತು. ನೆಕ್ಕದ ಹಾಗೆ ಕೊರಳಿಗೆ ಹಾಕಿದ ಬಕೆಟ್ಟು ಬಾಗಿಲಿಗೆ ಸಿಕ್ಕಿ ಕುತ್ತಿಗೆ ಉಳುಕಬಹುದಿತ್ತು. ಗಾಯಕ್ಕೆ ಕೀವು ಹತ್ತಬಹುದಿತ್ತು, ಗಾಯದ ಕೀವು ಕೀಲಿಗೆ, ಕೀಲಿನದು ಮೂಳೆಗೆ ಇಳಿಯಬಹುದಿತ್ತು. ಮಂಡಿಯ ಪಕ್ಕದಲ್ಲಿ ನೀರು ತುಂಬಿ ನಿಂಬೆಹಣ್ಣಿನಷ್ಟು ಊದಬಹುದಿತ್ತು. ಸ್ಕ್ರೂ ಸಡಿಲವಾಗಬಹುದಿತ್ತು, ಪ್ಲೇಟು ಬಾಗಬಹುದಿತ್ತು, ಕತ್ತರಿಸಿ ತಿರುಗಿಸಿ ಕೂರಿಸಿದ ಮೂಳೆ ಕೂಡದೇ ಹೋಗಬಹುದಿತ್ತು. ಬ್ಯಾಂಡೇಜು ಮಂಜಿಗೆ ಒದ್ದೆಯಾಗಿ ಒಳಗೊಳಗೇ ಚರ್ಮ ಕೊಳೆಯಬಹುದಿತ್ತು. ನೋವಿನ ಮಾತ್ರೆ ಹೊಟ್ಟೆಗೆ ಒಗ್ಗದೆ ರಕ್ತಭೇದಿ ಆಗಬಹುದಿತ್ತು. ಈ ಕಾಲು ವಾಸಿಯಾಗುವಷ್ಟರಲ್ಲಿ ಭಾರವೆಲ್ಲ ಹೊತ್ತ ಆ ಕಾಲಿನ ಮಂಡಿ ಹರಿಯಬಹುದಿತ್ತು. ಜಗಲಿಯಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಬಹುದಿತ್ತು. ಹಾಗಾದರೆ ಮೇಲಿನದ್ಯಾವುದಕ್ಕೂ ಅರ್ಥವಿಲ್ಲ.

ಹಳೇ ಡೈರಿಯ ಹಾಳೆಯೊಂದರಲ್ಲಿ ಇವನ್ನೆಲ್ಲ ಬರೆದು, ಆಪರೇಷನ್ನಿಗೆ ಮುಂಚೆ ಲೀನಾ ಡಾಕ್ಟರ ಮೇಜಿನ ಮೇಲಿಟ್ಟೆ. ಒಟ್ಟು ಇಪ್ಪತ್ತೊಂದು. ಅವರು ನಿಧಾನವಾಗಿ ಓದಿದರು.

“ಭೋಜಣ್ಣಾ, ಭೂಕಂಪ ಬಿಟ್ಟುಬಿಟ್ಟಿದ್ದೀರಿ.”

“ಹಿಂದಿನ ಪುಟ ನೋಡಿ ಮೇಡಂ. ಗುಡ್ಡ ಕುಸಿದು ಬಸ್ಸು ನಿಂತರೆ ಹೊಲಿಗೆ ಬಿಚ್ಚುವುದು ಹೇಗೆ ಅಂತ ಬರೆದಿದ್ದೇನೆ.”

ಅವರು ಹಾಳೆ ತಿರುಗಿಸಿ ನೋಡಿ, ನಗದೆ, ಕೈ ತೊಳೆಯಲು ಹೋದರು. ಅವರು ನಗದಿದ್ದದ್ದೇ ನನಗೆ ಇಪ್ಪತ್ತೆರಡನೆಯ ಚಿಂತೆಯಾಯಿತು.

ಊಟಿಯ ಹೊರಗೆ, ಒಂದು ಟ್ರಸ್ಟು ನಡೆಸುವ ಪ್ರಾಣಿಗಳ ಆಸ್ಪತ್ರೆಯಲ್ಲಿ ನಾನು ಮೂವತ್ತು ವರ್ಷ ಸಹಾಯಕನಾಗಿದ್ದೆ. ಅಲ್ಲಿ ಐವತ್ತೈದಕ್ಕೆ ಶಾಲು ಹೊದಿಸಿ ಮನೆಗೆ ಕಳಿಸುತ್ತಾರೆ, ನನ್ನನ್ನೂ ಕಳಿಸಿದರು. ಆಪರೇಷನ್ ಮಾಡುವವನು ನಾನಲ್ಲ, ಮಾಡುವವರು ಡಾಕ್ಟರು. ಕತ್ತರಿಸಿ ಹೊಲಿಯುವುದಕ್ಕೆ ಒಂದೂವರೆ ಗಂಟೆ. ಆಮೇಲಿನ ಎಂಟು ವಾರ ನನ್ನದು. ಮನೆಗೆ ಹೋದ ಪ್ರಾಣಿಗೆ ಏನೇನು ಕೆಡಬಹುದೆಂದು ಮುಂಚೆಯೇ ಊಹಿಸುವುದು, ಕೆಟ್ಟರೆ ಬೇಗ ಕಂಡುಹಿಡಿಯುವುದು, ಕೆಡದಿದ್ದರೆ ಅದನ್ನು ನಂಬದೇ ಇರುವುದು: ಇದು ನನ್ನ ಕೆಲಸವಾಗಿತ್ತು. ಅದರಲ್ಲೂ ಮಂಡಿ ಆಪರೇಷನ್ ಆದವು ನನ್ನ ಪಾಲಿಗೆ ಹೆಚ್ಚು ಬಂದವು. ನನ್ನ ಸ್ವಭಾವ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಹೊರಟ ಬಸ್ಸಿನಿಂದ ಇಳಿದು ಮನೆಗೆ ಬಂದು ನೋಡಿದವನು ನಾನು. ಆರಿಸಿದ್ದೆ. “ಆ ಒಲೆ ನಿಮ್ಮನ್ನ ಒಂದು ಸಲವೂ ನಿರಾಸೆ ಮಾಡಿಲ್ಲ, ನೀವು ಮಾತ್ರ ಅದನ್ನ ನಂಬೋದಿಲ್ಲ” ಅಂತ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಈಗ ಈ ಕೆಲಸಕ್ಕೆ ಸೇರಿದವರು, ಗುಂಡ್ಲುಪೇಟೆ ಕಡೆಯಿಂದಲೂ ಕೆಲವರು, ಫೋನು ಮಾಡಿ ಏನು ಓದಬೇಕು ಎಂದು ಕೇಳುತ್ತಾರೆ. ಓದುವುದಕ್ಕೆ ಪುಸ್ತಕಗಳಿವೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಮನೆಯಲ್ಲಿ ನಮ್ಮ ಮಾತು ಬಡಗ. ಜನ ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ. ಬೈಗುಳಗಳು ತಿರುಗುವಾಗ ಸ್ವಲ್ಪ ಮೆತ್ತಗಾಗಿವೆ.

ಮಣಿ ಬಂದದ್ದು ನನ್ನ ಕೊನೆಯ ವರ್ಷದಲ್ಲಿ, ಕೂಕಲ್ತೊರೈ ಎಂಬ ಹಟ್ಟಿಯಿಂದ, ಎಲೆ ಹೊರುವ ಚೀಲದಲ್ಲಿ. ನಮ್ಮ ಕಡೆ ಹಳ್ಳಿಗೆ ಹಟ್ಟಿ ಎನ್ನುತ್ತಾರೆ. ನಂಜಿಯಕ್ಕ ಎಂಬ ಹೆಂಗಸು ಚೀಲದ ಪಟ್ಟಿಯನ್ನು ಹಣೆಗೆ ಕೊಟ್ಟು, ತೇಯಿಲೆ ಹೊರುವ ಹಾಗೆಯೇ ನಾಯಿಯನ್ನು ಬೆನ್ನ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ಹಿರಿಯರು, ಸಣ್ಣ ಮೈ. ಚೀಲದ ಬಾಯಿಂದ ಒಂದು ಕಂದು ತಲೆ, ಒಂದು ಹರಿದ ಕಿವಿ ಕಾಣುತ್ತಿತ್ತು.

“ಬಸ್ಸಲ್ಲಿ ಬಿಟ್ಟರಾ ಅಕ್ಕಾ?”

“ಕಂಡಕ್ಟರ್ ಏನು ಅಂತ ಕೇಳಿದ. ಎಲೆ ಅಂದೆ. ಎಲೆ ಯಾಕೆ ಬೊಗಳ್ತದೆ ಅಂದ. ಮೂರು ದಿನದ್ದು, ಬಲಿತುಬಿಟ್ಟಿದೆ ಅಂದೆ.”

ನಾಯಿಯನ್ನು ಇಳಿಸಿ ನೋಡಿದೆ. ಎಡ ಹಿಂಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸುತ್ತಿತ್ತು. ಮಂಡಿಯೊಳಗೆ ತೊಡೆಮೂಳೆಯನ್ನೂ ಕಾಲಮೂಳೆಯನ್ನೂ ಹಿಡಿದಿಡುವ ಹಗ್ಗದಂಥ ನಾರು ಇರುತ್ತದೆ; ಅದು ಹರಿದಿತ್ತು. ಕಾಡೆಮ್ಮೆಯ ಕರುವನ್ನು ಅಟ್ಟಿಸಿಕೊಂಡು ಹೋಗಿ ತೋಟದ ಚರಂಡಿಗೆ ಬಿದ್ದಿತ್ತಂತೆ.

“ಇದು ಓಡಲೇಬೇಕು ಅಂತ ಏನಿಲ್ಲ ತಮ್ಮಾ,” ಅಂದರು ನಂಜಿಯಕ್ಕ. “ನನ್ನ ಮುಂದೆ ನಡೆದರೆ ಸಾಕು.”

ಯಾಕೆ ಎಂದು ಕೇಳಿದೆ. ಅವರು ಹೇಳಿದ್ದು ಹೀಗೆ. ಮೂರು ವರ್ಷದ ಕೆಳಗೆ ತಮ್ಮ ತೋಟದಲ್ಲಿ ಬಗ್ಗಿ ಎಲೆ ಕೀಳುತ್ತಿದ್ದಾಗ, ಗಿಡದ ಸಾಲಿನ ಆಚೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಅಕ್ಕ ನೆಟ್ಟಗೆ ನಿಂತರು. ಆಚೆ ಕರಡಿಯೂ ನೆಟ್ಟಗೆ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕರಡಿ ಸಿಲ್ವರ್ ಓಕ್ ಮರಗಳ ಕಡೆ ಹೋಯಿತು, ಅಕ್ಕ ಮನೆಗೆ ಬಂದರು. ಒಂದು ಗೀರೂ ಆಗಲಿಲ್ಲ. ಆದರೆ ಮರುದಿನ ಹಟ್ಟಿಯ ಕೊನೆಯ ಮೆಟ್ಟಿಲ ತನಕ ಹೋದವರು ಅಲ್ಲೇ ನಿಂತುಬಿಟ್ಟರು. ಕಾಲು ಮುಂದಕ್ಕೆ ಬರಲಿಲ್ಲ. ಹಾಗೇ ಏಳು ತಿಂಗಳು. ಗಂಡನಿಗೆ ಟೀ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ. ಬಿಡುವಾದಾಗ ಅವರೇ ಕಿತ್ತರು. “ಮದುವೆಯಾಗಿ ಬಂದಾಗಿನಿಂದ ನಾನು ಕಿತ್ತ ತೋಟ. ಮೆಟ್ಟಿಲ ಮೇಲೆ ನಿಂತು, ಊರಿಗೆ ಬಂದ ನೆಂಟರ ಹಾಗೆ ನೋಡ್ತಿದ್ದೆ” ಅಂದರು. ಆಮೇಲೆ ಹಟ್ಟಿಯ ಈ ಬೀದಿನಾಯಿ, ಯಾರೂ ಕೇಳದೆ, ಒಂದು ಬೆಳಿಗ್ಗೆ ಅವರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯಿತು. ಅದು ನಿಂತಲ್ಲಿ ಇವರು ನಿಂತರು, ಅದು ಹೋದಲ್ಲಿ ಹೋದರು. ಹೀಗೆ ತೋಟ ಮತ್ತೆ ಕೈಗೆ ಬಂತು. ಈಗ ಮಣಿ ಮೂರು ಕಾಲಿನಲ್ಲಿತ್ತು, ನಂಜಿಯಕ್ಕ ಮತ್ತೆ ಕೊನೆಯ ಮೆಟ್ಟಿಲಲ್ಲಿದ್ದರು.

ಆ ಇಪ್ಪತ್ತೊಂದು ಚಿಂತೆಗಳನ್ನು ನಾನು ಗಾಳಿಯಿಂದ ಹಿಡಿದು ತಂದದ್ದಲ್ಲ. ಒಂದೊಂದಕ್ಕೂ ಒಂದು ಮುಖ ಇದೆ. ಎಲ್ಲವನ್ನೂ ಹೇಳಿದರೆ ನೀವು ಈ ಕೆಲಸಕ್ಕೇ ಬರುವುದಿಲ್ಲ, ಕೆಲವನ್ನು ಹೇಳುತ್ತೇನೆ.

ನಾನು ಸೇರಿದಾಗ ಇದ್ದ ಹಳೇ ಡಾಕ್ಟರು ಮೀನು ಹಿಡಿಯುವ ನೈಲಾನ್ ದಾರದಿಂದ ಮಂಡಿ ಕಟ್ಟುತ್ತಿದ್ದರು. ತಮಾಷೆಯಲ್ಲ, ಆಗ ಅದೇ ಒಳ್ಳೆಯ ವಿಧಾನ. ದಪ್ಪ ದಾರವನ್ನು ಶುದ್ಧಮಾಡಿ, ಕೀಲಿನ ಹೊರಗಿನಿಂದ ಸುತ್ತಿ, ಬಿಗಿದು ಗಂಟು ಹಾಕುವುದು. ದಾರ ತರಲು ನನ್ನನ್ನೇ ಮಾರ್ಕೆಟ್ಟಿಗೆ ಕಳಿಸುತ್ತಿದ್ದರು. ಅಂಗಡಿಯವರು ಎಷ್ಟು ದೊಡ್ಡ ಮೀನಿಗೆ ಎಂದು ಕೇಳಿದರೆ ನಾನು ನಾಯಿಯ ತೂಕ ಹೇಳುತ್ತಿದ್ದೆ. ಊಟಿಯ ಕೆರೆಯಲ್ಲಿ ಅಂಥ ಮೀನಿದೆಯೆಂದು ಅವರು ಕಡೆಯವರೆಗೂ ನಂಬಿದ್ದರು.

“ಕಾಲನ್ನು ದಾರ ಹಿಡಿಯೋದಿಲ್ಲ ಭೋಜಾ,” ಅನ್ನುತ್ತಿದ್ದರು ಹಳೇ ಡಾಕ್ಟರು. “ದಾರ ಹಿಡಿದಿರುವಷ್ಟು ದಿನದಲ್ಲಿ ಮೈಯೇ ತನ್ನನ್ನ ಹಿಡಿದುಕೊಳ್ಳತ್ತೆ. ಅಷ್ಟು ದಿನ ಕಾಯಿಸೋದು ನಿನ್ನ ಕೆಲಸ.”

ಒಂದು ಬಂಗಲೆಯ ದಪ್ಪನೆಯ ಲ್ಯಾಬ್ರಡಾರ್ ನಾಯಿಗೆ ಹೀಗೇ ದಾರ ಕಟ್ಟಿದ್ದರು. ಎರಡು ವಾರ ನಾನು ದಿನಾ ಹೋಗಿ ನೋಡಿದೆ. ಹೊಲಿಗೆ ಚೆನ್ನಾಗಿತ್ತು, ಊತವಿಲ್ಲ, ನಾಯಿ ಗಂಭೀರವಾಗಿ ಕುಂಟುತ್ತಿತ್ತು. ಮೂರನೆಯ ವಾರ, ತಿಂಗಳುಗಟ್ಟಲೆ ಮನೆಯಲ್ಲಿರದ ಯಜಮಾನರು ಜೀಪಿನಲ್ಲಿ ಬಂದಿಳಿದರು. ನಾಯಿ ಜಗಲಿಯ ಐದು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹಾರಿತು. ದಾರ ಕಡಿಯಿತು. ನಾನು ಅಳುವ ಹಾಗಾಗಿ ಬಂದು ಹೇಳಿದರೆ ಹಳೇ ಡಾಕ್ಟರು, “ದಾರದ ತಪ್ಪಲ್ಲ, ನಿನ್ನದೂ ಅಲ್ಲ, ಜೀಪಿನದು” ಅಂದು ಮತ್ತೆ ಕಟ್ಟಲು ಎದ್ದರು. ಅವತ್ತಿನಿಂದ ನಾನು ಮನೆಯವರನ್ನು ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಯಾರನ್ನು ಕಂಡರೆ ಬಹಳ ಪ್ರೀತಿ? ಅವರು ಮನೆಗೆ ಬರುವುದು ಎಷ್ಟು ಹೊತ್ತಿಗೆ? ಆ ಹೊತ್ತಿಗೆ ಕಟ್ಟಿಹಾಕಿ. ನೋವಿರುವ ನಾಯಿ ತಾನಾಗಿ ಸುಮ್ಮನಿರುತ್ತದೆ. ಖುಷಿಯಾದ ನಾಯಿಯನ್ನು ಕಾಯಬೇಕು.

ನೆಕ್ಕುವುದರ ಪಾಠ ಮಸಿನಗುಡಿಯಲ್ಲಿ ಆಯಿತು. ಅಷ್ಟರಲ್ಲಿ ಹಳೇ ಡಾಕ್ಟರು ನಿವೃತ್ತರಾಗಿ, ಗೂಡಲೂರು ಕಡೆಯ ಲೀನಾ ಡಾಕ್ಟರು ಬಂದಿದ್ದರು. ತಮಿಳಿನಲ್ಲಿ ಶುರುಮಾಡಿದ ವಾಕ್ಯವನ್ನು ಮಲಯಾಳದಲ್ಲಿ ಮುಗಿಸುವವರು. ಕೈ ಮಾತ್ರ ಎಲ್ಲೂ ತಡವರಿಸುತ್ತಿರಲಿಲ್ಲ. ದಾರ ಹೋಗಿ ಪ್ಲೇಟು ಬಂತು. ಕಾಲಮೂಳೆಯ ಮೇಲ್ತುದಿಯನ್ನು ಕಮಾನಿನ ಹಾಗೆ ಕತ್ತರಿಸಿ, ಸ್ವಲ್ಪ ತಿರುಗಿಸಿ, ಪ್ಲೇಟು ಸ್ಕ್ರೂ ಹಾಕಿ ನಿಲ್ಲಿಸುವ ವಿಧಾನ. ಹರಿದ ನಾರಿನ ಅಗತ್ಯವೇ ಇಲ್ಲದ ಹಾಗೆ ಮಂಡಿಯ ಇಳಿಜಾರನ್ನೇ ಬದಲಿಸುವುದು. ಮೊದಲ ಸಲ ನೋಡಿದಾಗ, ನಾಯಿಯ ಕಾಲು ಮುರಿದಿದ್ದನ್ನು ಜೋಡಿಸುತ್ತಾರೆಂದು ಕೇಳಿದ್ದೆ, ಜೋಡಿಸಲಿಕ್ಕೆ ಮುರಿಯುವುದನ್ನು ಕೇಳಿರಲಿಲ್ಲವಲ್ಲ ಎಂದು ನನಗೆ ತಲೆಸುತ್ತು ಬಂತು. ಡಾಕ್ಟರು ತಲೆಯೆತ್ತದೆ, “ಬೀಳುವುದಾದರೆ ಆ ಕಡೆ ಬೀಳಿ ಭೋಜಣ್ಣಾ, ಈ ಕಡೆ ಶುದ್ಧ ಮಾಡಿಟ್ಟಿದೆ” ಅಂದರು.

ಮಸಿನಗುಡಿಯ ಆ ನಾಯಿಗೂ ಪ್ಲೇಟು ಹಾಕಿದ್ದರು. ಫೋನಿನಲ್ಲಿ ಕೇಳಿದರೆ ಮನೆಯವರು, “ನೆಕ್ಕುವುದೇ ಇಲ್ಲ ಸಾರ್, ಬಂಗಾರದಂಥ ನಾಯಿ” ಅನ್ನುತ್ತಿದ್ದರು. ನಾನೂ ನಂಬಿದೆ, ಅದು ನನ್ನ ತಪ್ಪು. ಬಕೆಟ್ಟಿನ ತಳ ಕತ್ತರಿಸಿ ಕೊರಳಿಗೆ ಹಾಕಲು ಕೊಟ್ಟಿದ್ದೆವು. ಪಾಪ, ಉಣ್ಣಲು ಕಷ್ಟವಾಗುತ್ತದೆಂದು ಅದನ್ನು ತೆಗೆದು ಅದರಲ್ಲಿ ನೀರು ಹಿಡಿಯಲು ನೋಡಿ, ತಳವಿಲ್ಲವೆಂದು ಬಿಸಾಡಿದ್ದರು. ಹನ್ನೆರಡನೆಯ ದಿನ ಹೋಗಿ ನೋಡುತ್ತೇನೆ, ಗಾಯದ ಸುತ್ತ ಕೂದಲು ಒದ್ದೆ, ಹೊಲಿಗೆಯ ನಡುವೆ ಕೀವು. ಬಂಗಾರದಂಥ ನಾಯಿ ಎಲ್ಲರೂ ಮಲಗಿದ ಮೇಲೆ ಸಾವಧಾನವಾಗಿ ನೆಕ್ಕುತ್ತಿತ್ತು. ಮೂಳೆ ಕೂಡುವ ತನಕ ಔಷಧಿ ಕೊಟ್ಟು, ಆಮೇಲೆ ಪ್ಲೇಟು ತೆಗೆಯಬೇಕಾಯಿತು. ಅಷ್ಟು ದಿನವೂ ಕಲ್ಲಟ್ಟಿ ಘಾಟಿಯ ಮೂವತ್ತಾರು ತಿರುವು ಇಳಿದು ಹತ್ತಿ ಡ್ರೆಸಿಂಗ್ ಮಾಡಿದೆ. ಪ್ರತಿ ತಿರುವಿನಲ್ಲೂ ನನ್ನನ್ನು ನಾನೇ ಬೈದುಕೊಂಡೆ. ಇಪ್ಪತ್ತನೆಯ ತಿರುವಿಗೆ ಬೈಗುಳ ಮುಗಿದು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ನಾಯಿ ಕೊನೆಗೆ ನಡೆಯಿತು. ನೀವು ಮಾತ್ರ “ನೆಕ್ಕುತ್ತದೆಯೇ?” ಎಂದು ಯಾರನ್ನೂ ಕೇಳಬೇಡಿ. ಗಾಯದ ಸುತ್ತಲಿನ ಕೂದಲನ್ನು ಮುಟ್ಟಿ ನೋಡಿ.

ಇನ್ನು ಹಸುವಿನ ವಿಷಯ. ಇದನ್ನು ಬಿಟ್ಟುಬಿಡೋಣ ಎಂದಿದ್ದೆ. ಆದರೆ ಇದನ್ನು ಬಿಟ್ಟರೆ ಬರೆಯುವುದಕ್ಕೇ ಅರ್ಥವಿಲ್ಲ.

ಕೆಲವು ಹಸುಗಳಿಗೆ ಮಂಡಿಚಿಪ್ಪು ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಹಿಂಗಾಲು ಮಡಚದೆ ಕೋಲಿನ ಹಾಗೆ ಸೆಟೆದು, ಹೆಜ್ಜೆಹೆಜ್ಜೆಗೂ ಹಿಂದೆ ಎಳೆದುಕೊಂಡು ಬರುತ್ತದೆ. ಚಿಪ್ಪನ್ನು ಹಿಡಿದ ಮೂರು ಪಟ್ಟಿಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಡುಗಡೆ. ಐದು ನಿಮಿಷದ ಕೆಲಸ. ಹಳೇ ಡಾಕ್ಟರ ಕಾಲದಲ್ಲಿ ಹಟ್ಟಿಗಳಿಗೆ ಹೋಗಿಯೇ ಮಾಡುತ್ತಿದ್ದೆವು. ಹಿಂದಿನ ದಿನ ನಾನು ಹೋಗಿ, ಯಾವ ಕಾಲು ಎಂದು ನೋಡಿ, ನೇರಳೆ ಔಷಧಿಯಿಂದ ಗುರುತು ಹಾಕಿ ಬರಬೇಕು. ಕೋತಗಿರಿ ಹತ್ತಿರದ ಒಂದು ಹಟ್ಟಿಯಲ್ಲಿ ಹಸು ಗುಡ್ಡದ ಅಡ್ಡಕ್ಕೆ ಮೇಯುತ್ತಾ ಹೋಗುತ್ತಿತ್ತು. ನೋಡಿದೆ. ಬಲಗಾಲು ನೆಟ್ಟಗೆ ಸೆಟೆದಿತ್ತು. ಗುರುತು ಹಾಕಿದೆ. ಮರುದಿನ ಡಾಕ್ಟರು ಗುರುತು ನೋಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕತ್ತರಿಸಿದರು. ಹಸುವನ್ನು ನಡೆಸಿದೆವು. ಎಡಗಾಲು ಕೋಲಿನ ಹಾಗೆ ಹಿಂದೆ ಎಳೆದುಕೊಂಡು ಬಂತು.

ಹಿಂದಿನ ದಿನ ಆದದ್ದು ಇಷ್ಟೆ. ಚಿಪ್ಪು ಬಿಟ್ಟು ಬಿಟ್ಟು ಸಿಕ್ಕಿಕೊಳ್ಳುತ್ತದೆ, ನಾನು ನೋಡುವ ಹೊತ್ತಿಗೆ ಎಡಗಾಲಿನದು ಸಿಕ್ಕಿರಲಿಲ್ಲ. ಗುಡ್ಡದ ಅಡ್ಡಕ್ಕೆ ನಡೆಯುವ ಯಾವ ಹಸುವಾದರೂ ಮೇಲುಗಡೆಯ ಕಾಲನ್ನು ಮಡಚುತ್ತದೆ, ಕೆಳಗಡೆಯದನ್ನು ನೆಟ್ಟಗೆ ಊರುತ್ತದೆ. ಅದು ಕಾಯಿಲೆಯಲ್ಲ, ನೀಲಗಿರಿ. ಅದೇ ಗುಡ್ಡದಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲ. ಬಯಲುಸೀಮೆಯವನು ಯಾರಾದರೂ ಕಂಡುಹಿಡಿಯುತ್ತಿದ್ದನೋ ಏನೋ. ಹಸು ಇನ್ನೊಂದು ದಿಕ್ಕಿಗೆ ತಿರುಗಿ ಮೇಯುವ ತನಕ ಕಾದಿದ್ದರೂ ಸಾಕಿತ್ತು.

ಹಸುವಿನ ಯಜಮಾನರು ಮುದುಕರು. ನನ್ನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು. ಡಾಕ್ಟರು, “ತಪ್ಪು ನನ್ನದು. ಕತ್ತರಿಸುವ ಮೊದಲು ನಾನು ನಡೆಸಿ ನೋಡಬೇಕಿತ್ತು” ಅಂದರು. ನಾನು ಬಾಯಿ ತೆರೆದೆ. ಅವರು ನನ್ನ ಕಾಲನ್ನು ಮೆಲ್ಲಗೆ ಬೂಟಿನಿಂದ ತುಳಿದರು.

ಮುದುಕರು ಹೇಳಿದರು, “ಆ ಕಾಲಿಗೂ ಮುಂದೆ ಯಾವತ್ತಾದರೂ ಬರೋದಿತ್ತು ಅಂತ ಇಟ್ಟುಕೊಳ್ಳೋಣ. ಈಗ ಇದನ್ನೂ ಮಾಡಿ. ಕೊಂಬಿಗೆ ಮಾತ್ರ ಏನೂ ಮಾಡಬೇಡಿ, ಅವು ಸರಿಯಾಗೇ ಇವೆ.”

ಹಸುವಿಗೆ ಎರಡೂ ಕಾಲು ವಾಸಿಯಾದವು. ನಾನು ಮಾತ್ರ ಆಮೇಲೆ ಯಾವ ಪ್ರಾಣಿಯನ್ನೂ ಇಳಿಜಾರಿನಲ್ಲಿ ನಡೆಸಿ ತೀರ್ಮಾನ ಮಾಡಲಿಲ್ಲ. ನಮ್ಮ ಹಟ್ಟಿಗಳಲ್ಲಿ ಸಮತಟ್ಟು ಜಾಗ ಎಂದರೆ ಎಲೆ ತೂಗುವ ಶೆಡ್ಡಿನ ಸಿಮೆಂಟು ನೆಲ. ಅಲ್ಲಿ ನಡೆಸಿ, ಕಣ್ಣು ಮುಚ್ಚಿ, ಹೆಜ್ಜೆ ಸದ್ದು ಕೇಳುತ್ತೇನೆ. ಕಣ್ಣು ನಮಗೆ ಬೇಕಾದ್ದನ್ನು ನೋಡಿಬಿಡುತ್ತದೆ. ಕಿವಿಗೆ ಅಷ್ಟು ಜಾಣತನ ಇಲ್ಲ.

ಮಣಿಯ ಆಪರೇಷನ್ ಆಯಿತು. ಮತ್ತಿನಿಂದ ಎದ್ದಿತು, ಇಪ್ಪತ್ತೊಂದರಲ್ಲಿ ಒಂದು ಹೋಯಿತು. ಮನೆಗೆ ಕಳಿಸುವಾಗ ನಾನು ಪ್ರತಿಯೊಬ್ಬರಿಗೂ ಒಂದು ಕಾರ್ಡು ಬರೆದುಕೊಡುತ್ತೇನೆ. ಬಡಗಕ್ಕೆ ಲಿಪಿಯಿಲ್ಲ, ಅಕ್ಕನಿಗೂ ತಮಿಳಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ನೆಗೆಯಬಾರದು, ಎಂಟು ವಾರ. ಹಗ್ಗವಿಲ್ಲದೆ ಹೊರಗೆ ಬಿಡಬಾರದು, ಎಂಟು ವಾರ. ಮೆಟ್ಟಿಲಲ್ಲಿ ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಹಿಡಿಯಬೇಕು, ಎಂಟು ವಾರ. ಇಳಿಜಾರಿನಲ್ಲಿ ನಾಯಿ ಮುಂದೆ ಹೋಗಬಾರದು, ನೀವು ಮುಂದೆ, ಅದು ಹಿಂದೆ. ಮುಂದೆ ಬಿಟ್ಟರೆ ಹಗ್ಗ ಎಳೆದುಕೊಂಡು ನುಗ್ಗಿ ಮಂಡಿಗೆ ಭಾರ ಹಾಕುತ್ತದೆ ಅಂತ ವಿವರಿಸಿದೆ.

“ಇದು ಮುಂದೆ ಹೋಗಲಿ ಅಂತ ತಾನೆ ನಾನು ಬಂದದ್ದು?”

“ಮುಂದೆ ಹೋಗುವ ಹಾಗಾಗಲಿ ಅಂತಲೇ ಈಗ ಹಿಂದೆ ಅಕ್ಕಾ.”

“ಸರಿ. ನೀನು ಬರೆದ ಹಾಗೆ,” ಅಂದು ಕಾರ್ಡನ್ನು ರವಿಕೆಯೊಳಗೆ ಇಟ್ಟುಕೊಂಡರು. ನಾಯಿಯನ್ನು ಚೀಲದಲ್ಲಿ ಕೂರಿಸಿ, ಕಾಲು ಹೊರಗೆ ಚಾಚಿರುವ ಹಾಗೆ ನಾನೇ ಬೆನ್ನಿಗೆ ಏರಿಸಿದೆ. ಬೊಗಳದ ಹಾಗೆ ಬಾಯಿಗೆ ರಾಗಿ ಹಿಟ್ಟಿನ ಮುದ್ದೆ ಕೊಟ್ಟರು.

ಮೂರನೆಯ ದಿನವೇ ಫೋನು. “ತಮ್ಮಾ, ಪಾದದ ಹತ್ತಿರ ಊದಿದೆ.” ನಾನು ಎರಡು ಬಸ್ಸು ಹಿಡಿದು ಓಡಿದೆ. ದಾರಿಯುದ್ದಕ್ಕೂ ಕೀವು, ಮೂಳೆ, ಕಾಲು ಕತ್ತರಿಸುವ ತನಕ ಯೋಚಿಸಿಬಿಟ್ಟಿದ್ದೆ. ಹೋಗಿ ಒತ್ತಿ ನೋಡಿದರೆ ಮೆತ್ತನೆಯ ಊತ, ಬಿಸಿಯಿಲ್ಲ, ನೋವಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. “ಮಂಡಿಯ ನೀರು ಪಾದಕ್ಕೆ ಇಳಿದಿದೆ ಭೋಜಣ್ಣಾ. ನೀರು ಕೆಳಗೆ ಹರಿಯುತ್ತದೆ. ನಿಮ್ಮ ಊರಲ್ಲೂ ಹಾಗೇ ಅಲ್ಲವೇ?” ನಂಜಿಯಕ್ಕ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು, ನಾನು ಬೆವರೊರೆಸಿಕೊಳ್ಳುವುದನ್ನು ನೋಡಿ, ನಾಯಿಗಿಂತ ಮುಂಚೆ ನನಗೆ ಕಾಫಿ ಕೊಟ್ಟರು.

ಆ ಮನೆಯ ಒಳಕೋಣೆಯಲ್ಲಿ ಮಂಚದ ಪಕ್ಕ ಹಳೇ ಟೀ ಪೆಟ್ಟಿಗೆಗಳನ್ನು ಅಡ್ಡ ಇಟ್ಟು ಮಣಿಗೆ ಒಂದು ಗೂಡು ಮಾಡಿದ್ದರು. ಬಕೆಟ್ಟು ಕೊರಳಲ್ಲೇ ಇತ್ತು. ಕೂದಲು ಮುಟ್ಟಿ ನೋಡಿದೆ, ಒಣಗಿತ್ತು. ಎರಡನೆಯ ವಾರ ಹೊಲಿಗೆ ಬಿಚ್ಚಿದೆ. ಮೂರನೆಯ ವಾರ ಮನೆಯ ಕೆಳಗೇ ಕಾಡೆಮ್ಮೆಗಳು ಬಂದು, ಮಣಿ ಪೆಟ್ಟಿಗೆಯ ಮೇಲೆ ನೆಗೆಯಲು ನೋಡಿತಂತೆ. ಅಕ್ಕ ಒಳಗೇ ಹೋಗಿ ಕೂತು, ಅದರ ತಲೆಯನ್ನು ಬಕೆಟ್ಟಿನ ಸಮೇತ ತೊಡೆಯ ಮೇಲಿಟ್ಟುಕೊಂಡು, ಅವು ಹೋಗುವ ತನಕ ಮಾತಾಡುತ್ತಾ ಇದ್ದರಂತೆ.

“ಏನು ಮಾತಾಡಿದಿರಿ?”

“ಅದೇ, ಅವು ನಮ್ಮವಲ್ಲ, ನೀನು ಯಾಕೆ ತಲೆ ಕೆಡಿಸಿಕೊಳ್ತೀ ಅಂತ. ನಿನಗೂ ಅದನ್ನೇ ಹೇಳಬೇಕು ಅಂತಿದ್ದೆ.”

ಐದನೆಯ ವಾರ ಹೋದಾಗ ಮೆಟ್ಟಿಲಲ್ಲಿ ಅವರು ನಾಯಿಯನ್ನು ಇಳಿಸುವುದನ್ನು ನೋಡಿದೆ. ಹನ್ನೊಂದು ಮೆಟ್ಟಿಲು. ಟವೆಲಿನ ಎರಡೂ ತುದಿ ಕೈಯಲ್ಲಿ, ತಾವು ಒಂದು ಮೆಟ್ಟಿಲು ಕೆಳಗೆ, ನಾಯಿ ಒಂದು ಮೆಟ್ಟಿಲು ಮೇಲೆ. ಅದು ಮುಂದಕ್ಕೆ ಮೂಗು ಚಾಚಿದರೆ ಮಂಡಿಯಿಂದ ತಡೆದು, “ಹಿಂದೆ” ಅನ್ನುತ್ತಿದ್ದರು. ನಿಂತರೆ ರಾಗಿ ಮುದ್ದೆಯ ತುಣುಕು. ಅಷ್ಟು ಚೆನ್ನಾಗಿ ಕಾರ್ಡು ಪಾಲಿಸಿದವರನ್ನು ನನ್ನ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದು ಇಬ್ಬರೂ ನಿಂತರು. ಅಲ್ಲಿಂದ ತೋಟ ಕಾಣುತ್ತಿತ್ತು. ಚಿಗುರು ಕೈ ತಪ್ಪಿ ಮೇಲೆದ್ದು, ಗಿಡಗಳು ಕೂದಲು ಕತ್ತರಿಸದ ತಲೆಗಳ ಹಾಗೆ ನಿಂತಿದ್ದವು.

“ಹೋಗಿದ್ದಿರಾ ಅಕ್ಕಾ?”

“ಇಲ್ಲ. ಇದು ವಾಸಿಯಾಗಲಿ. ಇದು ಮುಂದೆ ಹೋಗಲಿ.”

ಹಿಂತಿರುಗುವ ಬಸ್ಸಿನಲ್ಲಿ ನನಗೆ ಹೊಸ ಚಿಂತೆ ಹತ್ತಿತು. ನಾಯಿಯ ಮೂಳೆ ಕೂಡುತ್ತದೆ, ಎಕ್ಸ್‌ರೇಯಲ್ಲಿ ನೋಡಬಹುದು. ಆದರೆ ನಾಯಿ ಇನ್ನು ಮುಂದೆ ಹೆದರಿಕೊಂಡುಬಿಟ್ಟರೆ? ಚರಂಡಿಗೆ ಬಿದ್ದ ನೆನಪಿಗೆ ತೋಟದ ದಾರಿಯಲ್ಲಿ ನಿಂತುಬಿಟ್ಟರೆ? ಆಗ ಅಕ್ಕನ ಕಾಲಿಗೆ ಯಾವ ಪ್ಲೇಟು? ಡಾಕ್ಟರಿಗೆ ಹೇಳಿದೆ. ಈ ಸಲ ಅವರು ತಮಾಷೆ ಮಾಡಲಿಲ್ಲ. “ಅದು ನನ್ನ ಕೈಲಿಲ್ಲ ಭೋಜಣ್ಣಾ. ನಿಮ್ಮ ಪಟ್ಟಿಯಲ್ಲೂ ಇರಲಿಲ್ಲ,” ಅಂದರು.

ಎಂಟನೆಯ ವಾರ ಮಣಿ ಮತ್ತೆ ಎಲೆ ಚೀಲದಲ್ಲಿ ಬಂತು. ಎಕ್ಸ್‌ರೇ ತೆಗೆದೆವು. ಮೂಳೆ ಕೂಡಿತ್ತು, ಸ್ಕ್ರೂ ಎಲ್ಲ ಇದ್ದಲ್ಲೇ ಇದ್ದವು. ಮೆಲ್ಲಮೆಲ್ಲಗೆ ನಡಿಗೆ ಹೆಚ್ಚಿಸಿ ಎಂದು ಕಳಿಸಿದೆವು. ಅದಾದ ತಿಂಗಳಿಗೆ ನನಗೂ ಶಾಲು ಹೊದಿಸಿದರು. ಭಾಷಣದಲ್ಲಿ ಲೀನಾ ಡಾಕ್ಟರು, “ಇವರ ಚಿಂತೆಗೇ ನಾವು ಸಂಬಳ ಕೊಡುತ್ತಿದ್ದೆವು” ಅಂದರು. ಎಲ್ಲರೂ ನಕ್ಕರು, ನಾನು ಶಾಲಿನ ತುದಿ ದೀಪಕ್ಕೆ ತಾಗದ ಹಾಗೆ ಹಿಡಿದುಕೊಂಡೇ ನಕ್ಕೆ.

ಮನೆಯಲ್ಲಿ ಒಂದು ವಾರ ಕೂತೆ. ಎಂಟನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೂಕಲ್ತೊರೈಗೆ ಹೊರಟೆ. “ಈಗ ನಿಮ್ಮನ್ನ ಯಾರು ಕಳಿಸಿದ್ದು?” ಅಂತ ಹೆಂಡತಿ ಕೇಳಿದಳು. ಯಾರೂ ಇಲ್ಲ. ಒಲೆ ಆರಿಸಿದೆನೋ ಎಂದು ನೋಡಿ ಬರಲು ಹೊರಟಿದ್ದೆ.

ಹಟ್ಟಿಗೆ ಮಂಜು ಕವಿದಿತ್ತು. ನಾನು ಬಂದು ನಿಲ್ಲುವುದಕ್ಕೂ ನಂಜಿಯಕ್ಕ ಹಣೆಗೆ ಚೀಲದ ಪಟ್ಟಿ ಕೊಟ್ಟುಕೊಂಡು ಬಾಗಿಲಿನಿಂದ ಬರುವುದಕ್ಕೂ ಸರಿಹೋಯಿತು. ಚೀಲ ಖಾಲಿ. ಮಣಿ ನಾಲ್ಕು ಕಾಲಿನ ಮೇಲೆ ಅವರ ಹಿಂದೆ ಇತ್ತು.

“ಬಾ ತಮ್ಮಾ. ಕೆಲಸ ಬಿಡಿಸಿದರಂತಲ್ಲ, ಎಲೆ ಕೀಳ್ತೀಯಾ?”

ಹನ್ನೊಂದು ಮೆಟ್ಟಿಲನ್ನು ಅವರು ಇಳಿದರು. ಒಂದು ಮೆಟ್ಟಿಲು ಹಿಂದೆ ಮಣಿ ಇಳಿಯಿತು. ಕೊನೆಯ ಮೆಟ್ಟಿಲು ಬಂತು. ಅಕ್ಕ ನಿಲ್ಲಲಿಲ್ಲ. ತೋಟದ ಹಾದಿಗೆ ಕಾಲಿಟ್ಟರು. ಮಣಿ ಹಿಂದೆ. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು. ಮಣಿ ಇನ್ನೂ ಹಿಂದೆಯೇ.

ನಾನು ಕೂಗಿದೆ. “ಅಕ್ಕಾ, ನಿಲ್ಲಿ. ಇದು ಯಾಕೆ ಹಿಂದೆ ಬರುತ್ತಿದೆ? ನೋವಿದೆಯಾ? ಶೆಡ್ಡಿಗೆ ಬನ್ನಿ, ನೋಡಬೇಕು.”

“ಬಂದ ಕೂಡಲೇ ಶುರುವಾಯ್ತಾ?” ಅಂದರೂ ತಿರುಗಿ ಬಂದರು. ಎಲೆ ಶೆಡ್ಡಿನ ಸಿಮೆಂಟು ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ಮಣಿಯನ್ನು ನಡೆಸಿದೆವು. ಕಣ್ಣು ಮುಚ್ಚಿದೆ. ಟಕ್ ಟಕ್ ಟಕ್ ಟಕ್. ನಾಲ್ಕೂ ಒಂದೇ ಸಮ. ಮಂಡಿ ಮಡಚಿ ನೋಡಿದೆ, ಚಾಚಿ ನೋಡಿದೆ. ತೊಡೆಯ ಮಾಂಸ ತುಂಬಿಕೊಂಡಿತ್ತು. ಮಣಿ ನನ್ನ ಕೈ ನೆಕ್ಕಿ, ಹೋಗಿ ಅಕ್ಕನ ಹಿಂದೆ ನಿಂತುಕೊಂಡಿತು.

“ಕಾಲು ಚೆನ್ನಾಗಿದೆ. ಮತ್ತೆ ಯಾಕೆ ಮುಂದೆ ಹೋಗುತ್ತಿಲ್ಲ?”

ನಂಜಿಯಕ್ಕ ನನ್ನನ್ನು, ತಿಳಿದವರು ತಿಳಿಯದವರನ್ನು ನೋಡುವ ಹಾಗೆ ನೋಡಿದರು. ರವಿಕೆಯೊಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾರ್ಡು ತೆಗೆದು ಕೊಟ್ಟರು. “ನೀನೇ ತಾನೆ ಬರೆದದ್ದು? ಓದು.”

ಓದಿದೆ. ನನ್ನದೇ ದೊಡ್ಡ ಅಕ್ಷರ. ಇಳಿಜಾರಿನಲ್ಲಿ ನಾಯಿ ಮುಂದೆ ಹೋಗಬಾರದು, ನೀವು ಮುಂದೆ, ಅದು ಹಿಂದೆ.

“ಒಂಬತ್ತನೇ ವಾರ ತೋಟಕ್ಕೆ ಹೊರಟೆವು,” ಅಂದರು. “ಇದು ಮುಂದೆ ಹೋಗೋಕೆ ನೋಡಿತು. ಕಾರ್ಡಿನಲ್ಲಿ ಹೋಗಬಾರದು ಅಂತಿದೆ. ಮೆಟ್ಟಿಲ ಮೇಲೆ ತುಂಬ ಹೊತ್ತು ನಿಂತಿದ್ದೆ ತಮ್ಮಾ. ಇದೂ ನಿಂತಿತ್ತು, ನನ್ನ ಮುಖ ನೋಡ್ಕೊಂಡು. ಇದರ ಕಾಲು ಹೋದರೆ? ಅದಕ್ಕೆ ನಾನೇ ಹೋದೆ.”

ನಾನು ಜೇಬಿನಿಂದ ಪೆನ್ನು ತೆಗೆದೆ. ಅವರು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಮತ್ತೆ ರವಿಕೆಯೊಳಗೆ ಇಟ್ಟುಕೊಂಡರು. “ತಿದ್ದಬೇಡ. ಇಷ್ಟು ದಿನ ಕಲಿಸಿದ್ದೀನಿ, ಈಗ ಬದಲಾಯಿಸಿದರೆ ಪಾಪ, ಅದಕ್ಕೆ ಗೊಂದಲ ಆಗ್ತದೆ.”

ತೋಟದ ತನಕ ನಾನೂ ಹೋದೆ, ಎಲ್ಲರಿಗಿಂತ ಹಿಂದೆ. ಸಿಲ್ವರ್ ಓಕ್ ಮರಗಳ ಹತ್ತಿರ ಹಾದಿ ತಿರುಗುವಲ್ಲಿ, ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ನಂಜಿಯಕ್ಕ ನಿಂತು ಎರಡು ಸಲ ಜೋರಾಗಿ ಕೈ ತಟ್ಟಿದರು. “ಯಾರಿದ್ದೀರಪ್ಪಾ? ನಾವು ಬರ್ತಾ ಇದ್ದೀವಿ, ದಾರಿ ಬಿಡಿ!” ಅಂತ ಕೂಗಿದರು. ಧ್ವನಿ ಸ್ವಲ್ಪ ನಡುಗಿತು. ಅವರ ಮಂಡಿಯ ಪಕ್ಕದಿಂದ ಹರಿದ ಕಿವಿಯ ತಲೆಯೊಂದು ಹೊರಗೆ ಬಂದು, ಮಂಜನ್ನು ನೋಡಿ ಒಂದೇ ಒಂದು ಸಲ ಬೊಗಳಿ, ಮತ್ತೆ ಹಿಂದಕ್ಕೆ ಹೋಯಿತು. ಇಬ್ಬರೂ ತಿರುವು ದಾಟಿದರು.

ನನ್ನ ಇಪ್ಪತ್ತೊಂದು ಚಿಂತೆಗಳಲ್ಲಿ ಒಂದೂ ನಡೆಯಲಿಲ್ಲ. ಕೆಟ್ಟದ್ದು ಇಷ್ಟೆ: ಆ ಕಾರ್ಡಿನಲ್ಲಿ ಒಂದು ಸಾಲಿನ ಕೊನೆಗೆ ‘ಎಂಟು ವಾರ’ ಎಂದು ಬರೆಯುವುದನ್ನು ನಾನು ಮರೆತಿದ್ದೆ.